ತ್ರೈರಾಶಿಗೆ ಸಿಗದ ಜಿಡ್ಡು

ನನ್ನ ಮಗಳು ಸುಶೀಲವ್ವನ ಹಿಮ್ಮಡಿಯ ಮೇಲೂ ಮೊಣಕೈಗಳ ಮೇಲೂ ಹಳದಿ ಗಂಟುಗಳು ಎದ್ದದ್ದು ೧೯೩೮ರಲ್ಲಿ. ಅಂಥವೇ ಗಂಟುಗಳು ಅವಳ ತಾಯಿಗೂ ಇದ್ದವು. ಆಕೆ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ರೊಟ್ಟಿ ಬಡಿಯುತ್ತಿದ್ದವಳು, ಎದೆ ಹಿಡಿದುಕೊಂಡು ಒಲೆಯ ಮುಂದೆಯೇ ಸತ್ತಳು. ಸುಶೀಲವ್ವನಿಗೆ ಆಗ ಮೂವತ್ತೊಂದು. ಮಡಿಲಲ್ಲಿ ಏಳು ತಿಂಗಳ ಹೆಣ್ಣು ಕೂಸು.

ಸವಣೂರಿನ ಡಾಕ್ಟರ್ ಶಹಾಬುದ್ದೀನರು ಅವಳ ರಕ್ತವನ್ನು ಮುಂಬಯಿಗೆ ಕಳಿಸಿ ಅಳತೆ ಮಾಡಿಸಿದರು. ಕೊಲೆಸ್ಟರಾಲ್ ಎಂಬ ಜಿಡ್ಡು ನಾನೂರ ಇಪ್ಪತ್ತು ಇತ್ತು; ಇನ್ನೂರರ ಆಸುಪಾಸು ಇರಬೇಕಂತೆ. ತುಪ್ಪ, ಬೆಣ್ಣೆಯಲ್ಲಿಯೂ ಅದು ಇದೆಯೆಂದರು. ನನಗೆ ಅಷ್ಟೇ ಸಾಕಾಯಿತು. ತಿಳವಳ್ಳಿಯ ಶಾಲೆಯಲ್ಲಿ ಮೂವತ್ತು ವರ್ಷ ತ್ರೈರಾಶಿ ಕಲಿಸಿದವನು ನಾನು. ದಿನಕ್ಕೆ ಆರು ತೊಲೆ ತುಪ್ಪಕ್ಕೆ ನಾನೂರ ಇಪ್ಪತ್ತಾದರೆ, ಎರಡು ತೊಲೆಗೆ ನೂರ ನಲವತ್ತು. ತಕ್ಕಡಿ ಹಿಡಿದು ನಾನೇ ತೂಗಿ ಕೊಟ್ಟೆ. ತಿಂಗಳಾದರೂ ಗಂಟು ಕರಗಲಿಲ್ಲ. ಆ ಎರಡು ತೊಲೆಯನ್ನೂ ನಿಲ್ಲಿಸಿದೆ; ಹಾಲು ಮೊಸರನ್ನೂ ನಿಲ್ಲಿಸಿದೆ. ಅವಳ ಕೆನ್ನೆ ಒಳಸೇರಿತು.

ನನ್ನ ತಂಗಿ ಮಹಾದೇವಕ್ಕ ತಡೆಯಲಾರದೆ ಅಂದಳು: "ಅಣ್ಣಾ, ಮಗಳ ತಾಟಿನ್ಯಾಗ ಕಳೆಯೂ ಲೆಕ್ಕ ಮಾಡಾಕತ್ತೀಯಲ್ಲ, ಕೂಸಿನ ಹಾಲೂ ಬತ್ತಾಕತ್ತಾವ. ಅದನ್ನ ಯಾವ ಲೆಕ್ಕದಾಗ ಹಿಡೀತಿ?"

"ಅವರವ್ವನ ವಯಸ್ಸು ದಾಟ್ಲಿ. ಆಮ್ಯಾಲ ಕೇಳು."

ನಾಲ್ಕನೆಯ ತಿಂಗಳು ಮತ್ತೆ ರಕ್ತ ಕಳಿಸಿದೆವು. ಫಲ ಕೇಳಲು ನಾನೊಬ್ಬನೇ ಸವಣೂರಿಗೆ ಹೋದೆ. ನಾನೂರ ಐದು.

"ಕದ್ದು ತಿಂದಾಳ?" ಎಂದೆ.

"ಪಾಪ, ಆಕಿ ಮ್ಯಾಲ ಯಾಕ ಹಾಕ್ತೀರಿ ಮಾಸ್ತರ್ರ? ಈ ಜಿಡ್ಡು ಬರೇ ಊಟದಿಂದ ಬರೂದಲ್ಲ, ಮೈಯಾಗ ತಾನ ತಯಾರಾಗತೈತಿ. ಪರದೇಶದಾಗ ಇಲಿಗೋಳಿಗೆ ಇದು ಇಲ್ಲದ ತಿನಿಸು ಹಾಕಿ ನೋಡ್ಯಾರ. ಅವು ತಾವ ಮಾಡ್ಕೊಂಡುವು. ಹೆಚ್ಚು ತಿನಿಸಿದ್ರ ಮೈ ತನ್ನ ತಯಾರಿ ಕಡಿಮಿ ಮಾಡ್ತು."

"ಅಂದ್ರ ನಾ ಕಡಿಮಿ ಮಾಡಿದ್ದನ್ನ..."

"ಮೈ ತುಂಬಿಸ್ಕೊಂಡಿರಬೇಕ್ರಿ."

"ಆಕಿ ಮೈಯಾಗ ಇಷ್ಟೊಂದು ಯಾಕ ಹುಟ್ಟತೈತಿ?"

"ಗೊತ್ತಿಲ್ರಿ. ಯಾರಿಗೂ ಗೊತ್ತಿಲ್ಲ."

"ಔಷಧ?"

"ಇಲ್ರಿ. ಕೂಸಿಗೆ ಹಾಲರೆ ಬರ್ಲಿ. ಊಟ ಬಿಡಿಸಬ್ಯಾಡ್ರಿ."

ಮನೆಗೆ ಬಂದು, "ನಾಳಿಂದ ಆಕಿಗೆ ತುಪ್ಪ ಹಾಕು," ಎಂದು ಮಹಾದೇವಕ್ಕನಿಗೆ ಹೇಳಿದೆ. ಮುಂದಿನದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಕೈಮುಗಿದು ಎದ್ದಳು. ನಮ್ಮ ಕಡೆ ರೋಗ ಹೋದ ಮೇಲೆಯೇ ಪಥ್ಯ ಬಿಡಿಸುವುದು. ಎಣ್ಣೆನೀರು ಹಾಕಿ, ಹೋಳಿಗೆ ಮಾಡಿ, ಮೊದಲ ತುತ್ತಿಗೆ ತುಪ್ಪ ಬಡಿಸುವುದು. ಅವಳು ನಾಳೆಯವರೆಗೂ ಕಾಯಲಿಲ್ಲ. ಹಂಡೆಯ ಕೆಳಗೆ ಬೆಂಕಿ ಹಾಕಿ, ಬೇಳೆ ಬೇಯಲಿಟ್ಟು, ಪಕ್ಕದ ಲಕ್ಕಪ್ಪನ ಮನೆಗೂ ಸುದ್ದಿ ಮುಟ್ಟಿಸಿ ಬಂದಳು.

ಸುಶೀಲವ್ವ ಕೂಸನ್ನು ಎತ್ತಿಕೊಂಡೇ ಪಡಸಾಲೆಗೆ ಓಡಿಬಂದಳು.

"ಅಪ್ಪಾ, ಖರೇನ? ರೋಗ ಹೋತನ?"

ನಾನು ಅವಳ ಮೊಣಕೈ ನೋಡಿದೆ. ಗಂಟುಗಳು ಹಾಗೆಯೇ ಇದ್ದವು.

"ಹಂಗಾರ ಇದರ ಮದುವಿ ನಾ ನೋಡ್ತೇನಿ," ಎಂದು ಕೂಸಿನ ಹೊಟ್ಟೆಗೆ ಮುಖವೊತ್ತಿ ನಕ್ಕಳು.

"ನೀರು ಆರತಾವು," ಎಂದೆ. "ಹೋಗವ್ವ, ಮೈ ತೊಳಕೋ."