ಸವುಳು ಮಣ್ಣಿನ ಪಾಠ

ಗೌಡ್ರ ಮಗ ಮಲ್ಕಪ್ಪಗ ನಾ ಹೊಡದೀನಿ. ಸುಳ್ಳ್ಯಾಕ ಹೇಳ್ಲಿ? ತೊಗರಿ ಕಟ್ಟಿಗಿ ತಗೊಂಡು ಮೊಣಕೈ ಮ್ಯಾಲೆ ಚಟ್ ಅಂತ ಹೊಡದೀನಿ. ಅದೂ ಅವರ ಮನಿ ಅಂಗಳದಾಗ, ಅವರವ್ವ ಒಳಗ ರೊಟ್ಟಿ ಬಡಿಯೋ ಹೊತ್ತಿನಾಗ. ಆಳಿನ ಮಗಳು ಗೌಡ್ರ ಮಗಗ ಹೊಡಿಯೋದು ದೋರನಹಳ್ಳಿಯಾಗ ಅದಕ್ಕೂ ಮೊದಲ ಆಗಿದ್ದಿಲ್ಲ, ಆಮ್ಯಾಲೂ ಆಗಿಲ್ಲ. ಹೊಡಿಯೂವಾಗ ಬಾಳ ಖುಷಿ ಆಗ್ತಿತ್ತು ನೋಡ್ರಿ.

ಆದದ್ದು ಹಿಂಗ. ಕೆನಾಲಿಗೆ ನೀರು ಬಂದು ಹತ್ತು ವರ್ಷ ಆಗಿರಬೇಕು. ನಾನೂ ಮಲ್ಕಪ್ಪನೂ ಶಹಾಪುರದಾಗ ಪಿಯುಸಿ ಸೈನ್ಸ್ ಮುಗಿಸಿ, ಇಬ್ಬರೂ ಕೃಷಿ ವಿಶ್ವವಿದ್ಯಾಲಯಕ್ಕ ಅರ್ಜಿ ಹಾಕಿದ್ದಿವಿ. ರೈತರ ಮಕ್ಕಳಿಗಂತ ಅಲ್ಲಿ ಬ್ಯಾರೆ ಸೀಟು ಇಟ್ಟಿದ್ರು, ಅದಕ್ಕ ಸಂದರ್ಶನ. ಬೀಜ, ಗೊಬ್ಬರ, ಮಣ್ಣು ಮುಂದಿಟ್ಟು ಕೇಳ್ತಾರ, ಖರೇ ರೈತರ ಮಕ್ಕಳು ಹೌದೋ ಅಲ್ಲೋ ನೋಡ್ತಾರ. ನಮ್ಮಪ್ಪ ದ್ಯಾವಪ್ಪನ ಹೆಸರಿಲೆ ಎರಡೆಕರೆ ಪಹಣಿ ಇತ್ತು, ಹಂಗಾಗಿ ನನ್ನ ಅರ್ಜಿನೂ ನಡೀತು. ಆದ್ರ ಆ ಎರಡೆಕರೆಲಿಂದ ಹೊಟ್ಟಿ ತುಂಬ್ತಿದ್ದಿಲ್ಲ. ಅಪ್ಪ ಯುಗಾದಿಯಿಂದ ಯುಗಾದಿಗೆ ಹಣಮಂತ್ರಾಯಗೌಡ್ರ ಮನ್ಯಾಗ ಸಂಬಳದಾಳಾಗಿ ದುಡೀತಿದ್ದ.

ಸೀಟು ಸಿಗಲಿಲ್ಲಂದ್ರ ನನ್ನ ದಾರಿ ಮೊದಲೇ ನಿಕ್ಕಿ ಆಗಿತ್ತು. ದೇವಾಪುರದ ಸೋದರಮಾವ ಅಂಬ್ರಪ್ಪ ಎರಡನೇ ಲಗ್ನಕ್ಕ ನಿಂತಿದ್ದ. ಮೊದಲನೇಕಿ ಸತ್ತು ಆರು ತಿಂಗಳ ಸೈತ ಆಗಿದ್ದಿಲ್ಲ. ಅವ್ವ ಕಡ್ಡಿ ಮುರದಂಗ ಹೇಳಿಬಿಟ್ಟಿದ್ಲು, "ಹೋಗಿ ಬಾ ಹಣಮಿ. ಸೀಟು ಸಿಕ್ರ ಓದು. ಇಲ್ಲಂದ್ರ ಶ್ರಾವಣದಾಗ ನಿನ್ನ ತಲಿಮ್ಯಾಲೆ ಅಕ್ಕಿಕಾಳು." ಮಾವ ಕೆಟ್ಟವ ಏನಲ್ಲ. ಬಾಯಿತುಂಬ ಗುಟಕಾ, ನನಗಿಂತ ಹದಿನೆಂಟು ವರ್ಷ ದೊಡ್ಡವ, ಅಷ್ಟ.

ಒಂದಿನ ಗೌಡ್ರು ಅಪ್ಪಗ ಕರದು ಅಂದ್ರು, "ದ್ಯಾವಪ್ಪಾ, ನಿನ್ನ ಮಗಳು ಹುಷಾರದಾಳ. ನಮ್ಮ ಹುಡುಗಗ ಹೆಸರ್ಯಾವ್ದು ಉದ್ದ್ಯಾವ್ದು ತಿಳಿವಲ್ದು. ಒಂದು ತಿಂಗಳ ಕೂತು ಕಲಿಸಲಿ. ಇಬ್ಬರನ್ನೂ ನಮ್ಮ ಜೀಪಿನಾಗೇ ಕರ್ಕೊಂಡು ಹೋಗ್ತೀನಿ." ಅಪ್ಪ ನನಗ ಒಂದು ಮಾತು ಕೇಳ್ಲಿಲ್ಲ. "ಆತ್ರಿ ಗೌಡ್ರ" ಅಂದು ಬಂದುಬಿಟ್ಟ.

ನಾ ಮನ್ಯಾಗ ಹಾರ್ಯಾಡಿದೆ. "ಅವನೂ ಅದೇ ಸೀಟಿಗೆ ನಿಂತಾನ! ನನ್ನ ಕಾಲಮ್ಯಾಲೆ ನಾನೇ ಕಲ್ಲು ಎತ್ತಿ ಹಾಕ್ಕೊಳ್ಲೇನು?"

"ನೀರು ಅವರ ಹೊಲ ದಾಟಿ ನಮ್ಮ ಹೊಲಕ್ಕ ಬರ್ತಾವವ್ವಾ, ಅವರು ಕಟ್ಟಿದ್ರ ನಿಂತವು," ಅಂದ ಅಪ್ಪ. ಅಷ್ಟ ಅಂದು ಚಪ್ಪಲಿ ಮೆಟ್ಟಿ ಹೊರಗ ನಡದ.

ಆ ನೀರಿನ ಹಾಳು ಕಥಿನೂ ಹೇಳಬೇಕು. ಮ್ಯಾಲಿನ ಹೊಲದಾಗ ಗೌಡ್ರು ವರ್ಷಾ ಎರಡು ಸಲ ಭತ್ತ ಹಚ್ಚತಿದ್ರು. ಅಲ್ಲಿ ನಿಂತ ನೀರು ಬಸದು ಬಸದು ಕೆಳಗಿನ ನಮ್ಮ ಎರಿಹೊಲದಾಗ ಸವುಳು ಎದ್ದಿತ್ತು. ಒಂದೆಕರೆ ಆಗಲೇ ಉಪ್ಪು ಚೆಲ್ಲಿದಂಗ ಬೆಳ್ಳಗಾಗಿ ಹೋಗಿತ್ತು. ಸವುಳು ಎಲ್ಲಿತನಕ ಬಂತು ಅಂತ ನೋಡಾಕ ಅಪ್ಪ ಒಂದು ಚಿಟಿಕಿ ಮಣ್ಣು ತಗೊಂಡು, ಎರಡೂ ಕಣ್ಣಿಗೆ ಒತ್ಕೊಂಡು, "ತಪ್ಪಾತು ನಮ್ಮವ್ವ, ತುಳದದ್ದು ಸಾಲದಂತ ತಿನ್ನಾಕತ್ತೀನಿ" ಅಂದು ನಾಲಿಗಿ ತುದಿಗೆ ಇಟ್ಕೊಂತಿದ್ದ. ಆಮ್ಯಾಲೆ ಉಗುಳಿ, "ಇನ್ನೊಂದು ಸಾಲು ಹೋತು" ಅಂತಿದ್ದ. ಯಂತ್ರ ಗಿಂತ್ರ ಏನೂ ಬೇಕಾಗಿದ್ದಿಲ್ಲ. ಆ ಮಾತು ಯಾರೂ ಅವಗ ಕಲಿಸಿದ್ದಲ್ಲ, ಅವನ ಬಾಯಾಗೇ ಹುಟ್ಟಿದ್ದು.

ಇರ್ಲಿ. ಮಲ್ಕಪ್ಪಗ ಪಾಠ ಸುರು ಮಾಡಿದೆ. ಮೊರದಾಗ ಹನ್ನೆರಡು ನಮೂನಿ ಕಾಳು ಹಾಕಿ ಕಣ್ಣು ಮುಚ್ಚಿಸಿ, ಕೈಲೆ ಮುಟ್ಟಿ ಹೇಳು ಅಂತಿದ್ದೆ. ತಪ್ಪಿದ್ರ ಏಟು. ದನದ ಕೊಟ್ಟಿಗ್ಯಾಗ ಇಳಿಸಿ ಸಗಣಿ ಬಳಿಸಿದೆ. ಕೈಯಾಗ ಗುಳ್ಳಿ ಏಳೂತನಕ ಸಲಿಕಿ ಹಿಡಿಸಿದೆ. "ಸಾಹೇಬ್ರು ಅಂಗೈ ನೋಡ್ತಾರ" ಅಂತ ಸುಳ್ಳ ಹೇಳಿದ್ದೆ, ಆ ಮಬ್ಬ ನಂಬಿದ್ದ! ಗೌಡ್ರು ಕಟ್ಟಿಮ್ಯಾಲೆ ಕುಂತು ನೋಡಿ ನಗ್ತಿದ್ರು, "ಹೊಡಿಯವ್ವ, ಹೊಡದ್ರ ಕಲೀತಾನ" ಅಂತಿದ್ರು. ಮಲ್ಕಪ್ಪ ಹಲ್ಲು ಕಚ್ಚಿ ಮತ್ತ ಮೊರಕ್ಕ ಕೈ ಹಾಕ್ತಿದ್ದ. ಅವನ ಹೊಟ್ಟಿಯಾಗ ಏನು ಕುದಿಯಾಕತ್ತಿತ್ತೋ ನಾ ಲೆಕ್ಕಕ್ಕೇ ಹಿಡೀಲಿಲ್ಲ.

ಹೊರಡಾಕ ಎರಡು ದಿನ ಇದ್ದಾಗ ಅವನ ಬಾಯಿ ಬಿಚ್ಚಿತು. "ನಿಮ್ಮಪ್ಪ ಮಣ್ಣು ತಿಂತಾನಂತಲ್ಲ? ರೊಟ್ಟಿ ಸಾಲಂಗಿಲ್ಲೇನು ಅವಗ?" ಅಂತ ಕಿಸಕ್ಕನೆ ನಕ್ಕ.

ನನಗ ಮೈಯೆಲ್ಲಾ ಉರದು ಹೋತು. ಅವನ ಅಂಗಿ ಕೊಳ್ಳಪಟ್ಟಿ ಹಿಡದು ನಮ್ಮ ಹೊಲಕ್ಕ ಎಳಕೊಂಡು ಹೋದೆ. ಸವುಳು ಮಣ್ಣು ಅವನ ಅಂಗೈಯಾಗ ಹಾಕಿ, "ಕಣ್ಣಿಗೆ ಒತ್ಕೋ. ತಪ್ಪಾತು ನಮ್ಮವ್ವ ಅನ್ನು. ಈಗ ತಿನ್ನು" ಅಂದೆ. ವಾಂತಿ ಮಾಡ್ಕೊಂಡ. ಬಾಯಿ ತೊಳಿಸಿ ಮತ್ತ ತಿನ್ನಿಸಿದೆ. ಅಪ್ಪನ ಮಾತು ಒಂದಕ್ಷರ ತಪ್ಪದಂಗ ಇಪ್ಪತ್ತು ಸಲ ಹೇಳಿಸಿದೆ. ಕಡೀಕ ಅವ ಕಣ್ಣಾಗ ನೀರು ತುಂಬ್ಕೊಂಡು, ಒಳ್ಳೆ ಮಣ್ಣು ಯಾವ್ದು, ಸವುಳು ಯಾವ್ದು, ನಾಲಿಗಿಲೇ ಹೇಳಿದ. ನನ್ನ ಸಿಟ್ಟು ಇಳೀತು. ನಾ ಎಂಥ ಮುಕುಳ್ಯಾಗ ಕಣ್ಣಿದ್ದಾಕಿ ನೋಡ್ರಿ, ವೈರಿಗೆ ನಾನೇ ಕುಡಗೋಲು ಮಸದು ಕೊಟ್ಟು ಸಮಾಧಾನ ಪಟ್ಕೊಂಡೆ.

ಸಂದರ್ಶನದ ದಿನ ಗೌಡ್ರು, ಮಲ್ಕಪ್ಪ, ನಾನು ಜೀಪಿನಾಗ ಹೋದ್ವಿ. ಬುತ್ತಿ, ನೀರಿನ ಕ್ಯಾನು ಹೊತ್ಕೊಳ್ಳಾಕ ಅಂತ ಅಪ್ಪನೂ ಬಂದಿದ್ದ. ಮಲ್ಕಪ್ಪಂದು ಮೂವತ್ತೊಂದನೇ ನಂಬರು, ನಂದು ಮೂವತ್ತೆರಡು. ಅವ ಒಳಗ ಹೋದ, ಬಾಗಿಲ ಮುಚ್ಚಿದ್ರು. ಸ್ವಲ್ಪ ಹೊತ್ತಿಗೆ ಒಳಗಿಂದ ಗೊಳ್ ಅಂತ ನಗು ಕೇಳ್ತು. ಹೋತು ಬಿಡು, ಮಂಗ್ಯಾ ಹೆಸರಿಗೆ ಉದ್ದು ಅಂದಿರಬೇಕು, ಅಂತ ನನಗ ಒಳಗೊಳಗ ಹಾಲು ಕುಡದಂಗ ಆತು.

ನನ್ನ ಪಾಳಿ ಬಂತು. ಒಳಗ ಮೂರು ಮಂದಿ ಕುಂತಿದ್ರು. ನಡುವಿನವರು ಕಣ್ಣಿಗೆ ಚಾಳೀಸ ಹಾಕಿದ ಹಿರಿಯರು, ಮಾತು ಮೈಸೂರ ಕಡೀದು. ಕಾಳು ಕೇಳಿದ್ರು, ಎಲ್ಲಾ ಹೇಳಿದೆ. ಗೊಬ್ಬರ ಕೇಳಿದ್ರು, ಅದನ್ನೂ ಹೇಳಿದೆ. ಮೂರೂ ಮಂದಿ ತಲಿ ಆಡಿಸಿ ಬರಕೊಂಡ್ರು. ನನಗ ಸೀಟು ಕೈಗೆ ಬಂದಂಗೇ ಅನಿಸ್ತು. ಆಮ್ಯಾಲೆ ಹಿರಿಯರು ಒಂದು ತಾಟು ಮುಂದ ನೂಕಿ, "ಈ ಮಣ್ಣು ಹೇಗಿದೆ ಹೇಳಮ್ಮ" ಅಂದ್ರು.

ನಾ ಏನೂ ವಿಚಾರ ಮಾಡ್ಲಿಲ್ರಿ. ಹುಟ್ಟಿದಾಗಿಂದ ನೋಡಿದ್ದು, ಕೈ ತಾನೇ ಹೋತು. ಚಿಟಿಕಿ ಮಣ್ಣು ಕಣ್ಣಿಗೆ ಒತ್ಕೊಂಡು, "ತಪ್ಪಾತು ನಮ್ಮವ್ವ, ತುಳದದ್ದು ಸಾಲದಂತ ತಿನ್ನಾಕತ್ತೀನಿ" ಅಂದು ನಾಲಿಗಿಗೆ ಇಟ್ಕೊಂಡೆ. "ಸವುಳು ಈಗೀಗ ಹತ್ತೇತ್ರಿ. ಪೂರಾ ಕೆಟ್ಟಿಲ್ರಿ."

ಮೂವರೂ ಒಬ್ಬರ ಮಾರಿ ಒಬ್ಬರು ನೋಡಿದ್ರು. ಹಿರಿಯರು ಪೆನ್ನು ಕೆಳಗಿಟ್ರು. "ಈಗಷ್ಟೇ ಒಬ್ಬ ಹುಡುಗ ಇದನ್ನೇ ಮಾಡಿದ. ಅದೇ ಕಣ್ಣಿಗೆ ಒತ್ತಿಕೊಳ್ಳೋದು, ಅದೇ ಮಾತು. ಎಷ್ಟು ಸಂತೋಷಪಟ್ಟೆವು ನಾವು! ಯಾವ ಮೇಷ್ಟ್ರು ಕಲಿಸಿಕೊಟ್ಟರು ಈ ನಾಟಕ?"

"ನಾಟಕ ಅಲ್ರಿ! ನಮ್ಮಪ್ಪನ ಮಾತು ಅದು. ಆ ಹುಡುಗಗ ನಾನೇ ಕಲಿಸೀನ್ರಿ."

"ನಿನ್ನ ಸೀಟಿಗೇ ಬಂದವನಿಗೆ ನೀನೇ ಕಲಿಸಿದೆಯಾ? ನಂಬೋ ಹಾಗಿದೆಯೇನಮ್ಮ ಇದು?"

ಮಲ್ಕಪ್ಪಗ ಒಳಗ ಕರಸಿದ್ರು. ಅವ ನನ್ನ ಕಣ್ಣಾಗ ಕಣ್ಣಿಟ್ಟು ನೋಡಿದ. "ಮುತ್ಯಾನ ಕಾಲದಿಂದ ನಮ್ಮ ಮನಿ ಪದ್ಧತಿರಿ ಇದು. ಇಕಿ ನಮ್ಮ ಆಳಿನ ಮಗಳು. ನಮ್ಮನ್ನ ನೋಡ್ಕೋತ ಬೆಳದಾಳ್ರಿ, ಅದಕ್ಕ ಬರ್ತದ" ಅಂದ. ನನಗ ಅಲ್ಲೇ ಅವನ ಕುತ್ತಿಗಿ ಹಿಚುಕಬೇಕು ಅನಿಸ್ತು. ಆದ್ರ ಹೆದರಿಕಿ ಆಗ್ಲಿಲ್ಲ. ಯಾಕಂದ್ರ ಆ ಮಾತಿನ ಮಾಲಕ ಹೊರಗ ಪಡಸಾಲ್ಯಾಗ ಕುಂತಿದ್ದ.

"ನಮ್ಮಪ್ಪ ಇಲ್ಲೇ ಅದಾನ್ರಿ. ಅವಗ ಕರದು ಕೇಳ್ರಿ. ಅವ ಜಲಮದಾಗ ಸುಳ್ಳ ಹೇಳಿಲ್ರಿ!" ಅಂದೆ. ಅದು ಖರೇನೇ ಆಗಿತ್ತು.

ಅಪ್ಪ ಚಪ್ಪಲಿ ಹೊರಗ ಬಿಟ್ಟು, ಟವೆಲ್ ಬಗಲಾಗ ಹಿಡಕೊಂಡು ಬಂದ. ಹಿಂದೇ ಗೌಡ್ರು ಬಂದು ಬಾಗಿಲಾಗ ನಿಂತ್ರು. ಗದರಿಸ್ಲೂ ಇಲ್ಲ. ಹಿರಿಯರು ಬಾಳ ಮರ್ಯಾದಿಲೆ ಕೇಳಿದ್ರು, "ಮಣ್ಣಿನ ರುಚಿ ನೋಡೋದು, ಆ ಮಾತು ಹೇಳೋದು, ಇದು ಯಾರದಪ್ಪ? ನಿಮ್ಮದೋ, ಇವರ ಮನೆಯದೋ? ನಿಜ ಹೇಳಿ, ನಿಮ್ಮ ಮಗಳ ಸೀಟಿನ ಪ್ರಶ್ನೆ."

ಅಪ್ಪ ನನ್ನ ನೋಡಿದ. ಬಾಗಿಲ ಕಡಿ ನೋಡಿದ.

"ಹೇಳಪ್ಪ," ಅಂದೆ ನಾನು.

ಅಪ್ಪ ಕೈ ಮುಗದ. "ಗೌಡ್ರ ಮನೀದ್ರಿ ಸಾಹೇಬ್ರ. ನಾವು ಅವರನ್ನ ನೋಡಿ ಕಲ್ತೀವ್ರಿ. ಹುಡುಗಿ ಸಣ್ಣದು, ತಪ್ಪು ತಿಳ್ಕೋಬ್ಯಾಡ್ರಿ."

ಹಿರಿಯರು ನನ್ನ ಹಾಳಿಮ್ಯಾಲೆ ಅಡ್ಡ ಗೀಟು ಎಳದ್ರು. "ಬುದ್ಧಿ ಇದೆ ನಿನಗೆ, ಸುಳ್ಳು ಹೇಳಬಾರದಿತ್ತು. ಹೋಗಮ್ಮ" ಅಂದ್ರು.

ವಾಪಸ್ ಬರೂವಾಗ ಜೀಪು ಶಹಾಪುರ ಸಮೀಪ ಬಂದಾಗ ಗೌಡ್ರು ಮುಂದಿನ ಸೀಟಿನಿಂದ ತಿರುಗಿ ಅಂದ್ರು, "ಚಿಂತಿ ಮಾಡಬ್ಯಾಡೋ ದ್ಯಾವಪ್ಪ. ನಿನ್ನ ಮಗಳ ಲಗ್ನದ ಖರ್ಚು ಪೂರಾ ನಂದು."

"ದೊಡ್ಡ ಮನಸು ನಿಮ್ಮದು ಗೌಡ್ರ," ಅಂತ ಅಪ್ಪ ಮತ್ತ ಕೈ ಮುಗದ.

ನಾ ಅವನ ಕಿವಿ ಹತ್ರ ಬಾಯಿ ಒಯ್ದು, "ಲಗ್ನ ಜಲ್ದಿ ಇಡು. ನಿನ್ನ ಮಾರಿ ನೋಡ್ಕೋತ ನಿನ್ನ ಮನ್ಯಾಗ ಇರಾಕ ನನಗ ಆಗಂಗಿಲ್ಲ. ಹೋದಮ್ಯಾಲೆ ನೀ ಸತ್ರೂ ಬರಂಗಿಲ್ಲ" ಅಂದೆ.

ಅಪ್ಪ ಹೊರಗ ಮಾರಿ ಮಾಡಿ ಕುಂತ. ಅವನ ಹೆಗಲು ಅಳ್ಳಾಡಾಕತ್ತಿತ್ತು. ಅಳಾಕತ್ಯಾನಂತ ನನಗ ತಿಳೀತು, ನನ್ನ ಹೊಟ್ಟಿ ತಣ್ಣಗಾತು.