ಸೀಟು ಹಿಡಿದ ಟವೆಲ್

ಈ ಊರಿನ ಬಸ್ಸುಗಳಲ್ಲಿ ನಾನು ಹಿಡಿಯದ ಸೀಟೇ ಇಲ್ಲ. ಅರ್ಧ ಸುಳ್ಳು ಬಿಡಿ, ಡ್ರೈವರ್ ಸೀಟು ಇನ್ನೂ ಬಾಕಿ.

ನಾನೊಂದು ಕೆಂಪು ಅಂಚಿನ ಟವೆಲ್. ಮಗ್ಗದಿಂದ ಇಳಿದಾಗ ನಾವು ಜೋಡಿ. ನನ್ನ ಜೊತೆಯದು ಬೇಗ ಸವೆದು, ನೆಲ ಒರೆಸಿ ಒರೆಸಿಯೇ ಕಣ್ಣು ಮುಚ್ಚಿತು. ಒಂಟಿಯಾದ ನಾನು ಸಾಕಮ್ಮನ ಹೆಗಲೇರಿದೆ.

ಪ್ರತಿ ಶುಕ್ರವಾರ ಸಾಕಮ್ಮ ಪೇಟೆಯ ಆಚೆ ತುದಿಯಲ್ಲಿದ್ದ ತಂಗಿ ನಿಂಗಣ್ಣಿಯ ಮನೆಗೆ ಹೋಗುತ್ತಿದ್ದಳು. ಲಕ್ವ ಹೊಡೆದು ನಿಂಗಣ್ಣಿಯ ಬಲಗೈ ಬಿದ್ದುಹೋಗಿತ್ತು. ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಜಡೆ ಹೆಣೆಯಲು ಅಕ್ಕನೇ ಬರಬೇಕು. ಆಗ ಒಂದೇ ಬಸ್ಸು. ಊರಿನಲ್ಲಿ ಕಿಟಕಿಯಿಂದ ನನ್ನನ್ನು ಒಳಗೆಸೆದರೆ ತಂಗಿಯ ಬೀದಿಯವರೆಗೂ ಸೀಟು ನಮ್ಮದೇ.

ಆಮೇಲೆ ಆ ಬಸ್ಸನ್ನು ಹೊಸ ನಿಲ್ದಾಣಕ್ಕೇ ನಿಲ್ಲಿಸಿಬಿಟ್ಟರು. ಅಲ್ಲಿ ಇಳಿದು ಇನ್ನೊಂದು ಹತ್ತಬೇಕು. ಆ ಇನ್ನೊಂದರ ಬಾಗಿಲಲ್ಲಿ ಆನೆ ನುಗ್ಗಿದರೂ ಹಪ್ಪಳವಾಗುತ್ತಿತ್ತು.

"ಬಸ್ಸಿಗೊಂದು ಮಂಡಿ ಹೋಯ್ತು ಕಣವ್ವ," ಎಂದು ಸಾಕಮ್ಮ ಪಕ್ಕದವಳಿಗೆ ಹೇಳುತ್ತಿದ್ದಳು. "ಮೂರ್ನೇ ಬಸ್ಸಿದ್ದಿದ್ರೆ ನಿನ್ ಮಂಡಿ ಸಾಲ ಕೇಳ್ತಿದ್ದೆ."

ಒಂದು ಶುಕ್ರವಾರ ಆ ಎರಡನೇ ಬಸ್ಸಿನೊಳಗೆ ನನ್ನನ್ನೆಸೆದು, ಅವಳು ಬಾಗಿಲ ಕಡೆ ಕುಂಟುತ್ತಾ ಬಂದಳು. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟೇಬಿಟ್ಟಿತು.

"ಅಯ್ಯೋ, ನನ್ ಟವಲ್ ಹೋಯ್ತದೆ, ನಿಲ್ಸ್ರಪ್ಪೋ!"

"ಟವಲ್‌ಗೆ ಟಿಕೇಟ್ ತಗಂಡಿದ್ದೀಯಾ ಅಜ್ಜಿ?" ಎಂದು ಒಳಗಿನವನೊಬ್ಬ ನಕ್ಕ.

ಟವೆಲ್ ಹಾಕಿದ ಸೀಟಿನಲ್ಲಿ ಯಾರೂ ಕೂರಲಿಲ್ಲ. ಮರ್ಯಾದೆ ನೋಡಿ! ಮಂಡಿ ನೋವಿನವಳು ರಸ್ತೆಯಲ್ಲಿ, ಮೂಳೆಯೇ ಇಲ್ಲದ ನಾನು ನಿಂಗಣ್ಣಿಯ ಬೀದಿಯವರೆಗೂ ಮಹಾರಾಣಿಯ ಹಾಗೆ ಸೀಟಿನಲ್ಲಿ. ನಾಚಿಕೆಯಿಂದ ನನ್ನ ಅಂಚಿಗಿಂತ ಕೆಂಪಾದೆ.

ಕಂಡಕ್ಟರ್ ಮರಿಸ್ವಾಮಿ ನನ್ನನ್ನು ಕೊರಳಿಗೆ ಸುತ್ತಿಕೊಂಡ. ಸಾಕಮ್ಮ ಮತ್ತೆ ಬರಲಿಲ್ಲ. ನಿಂಗಣ್ಣಿ ಮಾತ್ರ ಶುಕ್ರವಾರ ತಪ್ಪದೆ ಸ್ಟಾಪಿನಲ್ಲಿ ನಿಂತು ಇಳಿಯುವವರ ಮುಖ ನೋಡುತ್ತಿದ್ದಳು. ವಾರವಾರಕ್ಕೂ ಅವಳ ಕೂದಲು ಸಿಕ್ಕುಗಟ್ಟುತ್ತಿತ್ತು. ನೋಡಲಾರದೆ ಮರಿಸ್ವಾಮಿಯ ಬೆವರಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ.

ಒಂದು ದಿನ ಅವಳ ಕಣ್ಣು ನನ್ನ ಮೇಲೆ ಬಿತ್ತು.

"ಇದು ನಮ್ಮಕ್ಕಂದು ಕಣಪ್ಪ! ಎಲ್ಡು ಬಸ್ ಹತ್ತಕ್ಕಾಗಕಿಲ್ಲ ಅಂತ ಫೋನಲ್ಲಿ ಅಳ್ತಾಳೆ. ಆದ್ರೂ ಬಂದಾಳೇನೋ ಅಂತ ಕಾಯ್ತೀನಿ."

"ತಗಳವ್ವ," ಎಂದ ಮರಿಸ್ವಾಮಿ ತಲೆ ತಗ್ಗಿಸಿ. "ಒಗ್ದಿಲ್ಲ, ಬೇಜಾರ್ ಮಾಡ್ಕಬ್ಯಾಡ."

ನಿಂಗಣ್ಣಿ ಅದೇ ಬಸ್ಸು ಹತ್ತಿದಳು. ಹೊಸ ನಿಲ್ದಾಣದಲ್ಲಿ ಇಳಿದರೆ, ಅಕ್ಕನ ಊರಿನ ಬಸ್ಸಿನ ಬಾಗಿಲಲ್ಲಿ ಜನವೋ ಜನ.

"ಟವಲ್ ಎಸಿಯವ್ವ ಒಳಕ್ಕೆ, ಸೀಟ್ ಸಿಕ್ತದೆ," ಎಂದರು ಯಾರೋ.

ಅವಳು ಎಸೆಯಲಿಲ್ಲ. ನನ್ನನ್ನು ಹಲ್ಲಲ್ಲಿ ಕಚ್ಚಿಕೊಂಡು, ಇದ್ದ ಒಂದು ಕೈಯಲ್ಲಿ ಬಾಗಿಲ ಕಂಬಿ ಹಿಡಿದಳು.

ಈಗ ಸಾಕಮ್ಮನ ಮನೆಯ ಗೂಟದಲ್ಲಿ ನೇತಾಡುತ್ತಿದ್ದೇನೆ. ಆ ಖಾಲಿ ಸೀಟು ನೆನೆದರೆ ಇವತ್ತಿಗೂ ಮುದುಡಿಕೊಳ್ಳುತ್ತೇನೆ. ಅದಿರಲಿ, ಅವತ್ತು ಬಾಗಿಲು ತೆಗೆದ ಸಾಕಮ್ಮ ತಂಗಿಯ ಸಿಕ್ಕುಗಟ್ಟಿದ ತಲೆಯನ್ನು ಕಂಡು ಮೊದಲು ಏನು ಮಾಡಿದಳು? ನೀವೇ ಹೇಳಿ ನೋಡೋಣ.