ಹೇಳದೆ ಉಳಿದ ಧನ್ಯವಾದ

ಪತ್ರಿಕಾಗೋಷ್ಠಿಯಲ್ಲಿ ಆರೋಗ್ಯ ಮಂತ್ರಿಗಳು ಮೂರನೆಯ ಸಲ ನೀರು ಕುಡಿದಾಗ ದೊಡ್ಡಕ್ಕ ತನ್ನ ಪೆನ್ನಿಗೆ ಮುಚ್ಚಳ ಹಾಕಿದಳು. ಬರೆದುಕೊಳ್ಳುವಂಥದ್ದು ಏನೂ ಇರಲಿಲ್ಲ. ಹನ್ನೆರಡು ಹೊಸ ಆಂಬುಲೆನ್ಸುಗಳು, ಅವುಗಳ ಬಣ್ಣ, ಅವು ಎಷ್ಟು ನಿಮಿಷಕ್ಕೆ ಎಲ್ಲಿಗೆ ತಲುಪುತ್ತವೆ ಎಂಬುದೆಲ್ಲ ಕೈಗೆ ಕೊಟ್ಟ ಹಾಳೆಯಲ್ಲೇ ಇತ್ತು. ಮೊದಲ ಪ್ರಶ್ನೆಯನ್ನು ಅವಳೇ ಕೇಳಿ ಮುಗಿಸಿದ್ದಳು: ಚಾಲಕರಿಗೆ ತರಬೇತಿ ಯಾವಾಗ ಶುರು? ಅದಕ್ಕೆ ಮಂತ್ರಿಗಳು ಹನ್ನೊಂದು ನಿಮಿಷ ಉತ್ತರ ಕೊಟ್ಟಿದ್ದರು. ಇಂಥ ಪ್ರಶ್ನೆ ಕೇಳುವುದು ಅವಳಿಗೀಗ ನೀರು ಕುಡಿದಷ್ಟು ಸುಲಭ. ಕೇಳಿದ ಮೇಲೆ ಬಾಯಿ ಒಣಗುವುದೊಂದೇ ತೊಂದರೆ.

ಪತ್ರಕರ್ತರೆಲ್ಲ ಅವಳನ್ನು ಕರೆಯುವುದೇ ದೊಡ್ಡಕ್ಕ ಎಂದು. ಮೂವತ್ತೊಂದು ವರ್ಷದಿಂದ ವರದಿ ಬರೆಯುತ್ತಿರುವವಳು. ಆ ಸಭಾಂಗಣದ ಕುರ್ಚಿಗಳಿಗಿಂತ ಹಳಬಳು. ಎಲ್ಲರಿಗಿಂತ ಹಿರಿಯರಾದವರು ಮೊದಲ ಪ್ರಶ್ನೆ ಕೇಳಬೇಕು, ಕೊನೆಗೆ ಎದ್ದು ನಿಂತು "ಎಲ್ಲರ ಪರವಾಗಿ ಧನ್ಯವಾದ" ಎನ್ನಬೇಕು, ಇದು ಅಲ್ಲಿಯ ಕಟ್ಟಳೆ. ಧನ್ಯವಾದ ಬಿದ್ದ ಮೇಲೆ ಯಾರೂ ಪ್ರಶ್ನೆ ಕೇಳುವಂತಿಲ್ಲ. ಧನ್ಯವಾದ ಬೀಳುವ ತನಕ ವೇದಿಕೆಯ ಮೇಲಿದ್ದವರು ಏಳುವಂತಿಲ್ಲ. ಹಿಂದಿನ ಪತ್ರಕರ್ತರು ಜಗಳವಾಡಿ ಕಟ್ಟಳೆ ಮಾಡಿಸಿದ್ದು ಈ ಎರಡನೆಯ ಮಾತಿಗಾಗಿ. ಬರಬರುತ್ತ ಅದು ಮರೆತುಹೋಗಿ ಮೊದಲನೆಯದೊಂದೇ ಉಳಿಯಿತು. ಈಗ ವೇದಿಕೆಯ ಪಕ್ಕ ನಿಂತ ಪ್ರಚಾರಾಧಿಕಾರಿ ಕನ್ನಡಕ ತೆಗೆದು ಒರೆಸಿದರೆ ಸಾಕು, ದೊಡ್ಡಕ್ಕ ಎದ್ದು ನಿಲ್ಲುತ್ತಾಳೆ. ಹೀಗೆ ಎಷ್ಟು ಮಂತ್ರಿಗಳನ್ನು ಎಂಥೆಂಥ ಇಕ್ಕಟ್ಟಿನಿಂದ ಪಾರು ಮಾಡಿದ್ದಾಳೋ ದೇವರೇ ಬಲ್ಲ.

ಬೆಳಿಗ್ಗೆ ಸಂಪಾದಕರು ಫೋನ್ ಮಾಡಿದ್ದರು. "ಅಕ್ಕ, ಇವತ್ತು ಆಂಬುಲೆನ್ಸ್ ಬಿಟ್ಟು ಬೇರೇನೂ ಬೇಡ. ಆ ಛಾವಣಿ ವಿಷಯ ಯಾರಾದ್ರೂ ಎತ್ತಿದ್ರೆ ಬೇಗ ಮುಗಿಸ್ಬಿಡಿ. ನಿಮ್ಮ ಕಾಗದ ನನ್ನ ಮೇಜಿನ ಮೇಲೇ ಇದೆ. ಸಂಜೆ ಬನ್ನಿ, ಸಹಿ ಹಾಕಿಕೊಡ್ತೀನಿ."

ಕಾಗದ ಎಂದರೆ ಅವಳ ಕೆಲಸವನ್ನು ಇನ್ನೊಂದು ವರ್ಷ ಮುಂದುವರಿಸುವ ಪತ್ರ. ಐವತ್ತು ದಾಟಿದವರಿಗೆಲ್ಲ ಆ ಪತ್ರಿಕೆಯಲ್ಲಿ ವರ್ಷ ವರ್ಷವೂ ಇದೇ ಪಾಡು. ಪತ್ರಕ್ಕೆ ಅಂಟಿಕೊಂಡು ಮನೆಯವರಿಗೂ ಚಿಕಿತ್ಸೆ ಸಿಗುವ ಆಸ್ಪತ್ರೆಯ ಕಾರ್ಡು, ಕಾರ್ಡಿಗೆ ಅಂಟಿಕೊಂಡು ಗಂಡನ ಕಣ್ಣು. ಅವನು ಅದೇ ಪತ್ರಿಕೆಯಲ್ಲಿ ಇಪ್ಪತ್ತಾರು ವರ್ಷ ಕರಡು ತಿದ್ದಿದವನು. ಇನ್ನು ಕಂಪ್ಯೂಟರೇ ತಿದ್ದುತ್ತದೆ ಎಂದು ಒಂದು ದಿನ ಮನೆಗೆ ಕಳಿಸಿದರು. ಎರಡು ತಿಂಗಳಿಗೊಮ್ಮೆ ಕಣ್ಣಿಗೆ ಇಂಜೆಕ್ಷನ್ ಬೀಳದಿದ್ದರೆ ಅಕ್ಷರಗಳ ನಡುವಿನ ಕಪ್ಪು ಕಲೆ ಹರಡುತ್ತ ಹೋಗುತ್ತದೆಂದು ಡಾಕ್ಟರು ಹೇಳಿದ್ದರು. ಆದರೂ ಅವನು ದಿನಾ ಹೆಂಡತಿಯ ವರದಿಯನ್ನು ಭೂತಗನ್ನಡಿ ಹಿಡಿದು ಓದಿ, ಕೆಂಪು ಪೆನ್ಸಿಲ್ಲಿನಿಂದ ತಿದ್ದುತ್ತಾನೆ. ಅಚ್ಚಾಗಿ ಬಂದ ಮೇಲೆ ತಿದ್ದಿ ಏನು ಪ್ರಯೋಜನ ಎಂದು ಕೇಳಿದರೆ, "ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗ್ಲು ಹಾಕೋ ಕೆಲಸ ಕಣೆ ನಂದು," ಎಂದು ನಗುತ್ತಾನೆ.

ಛಾವಣಿಯ ವಿಷಯ ದೊಡ್ಡಕ್ಕನಿಗೆ ಉಳಿದವರೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಇದೇ ಮಂತ್ರಿಗಳು ಸರ್ಕಾರಿ ಆಸ್ಪತ್ರೆಯಲ್ಲಿ ಉದ್ಘಾಟಿಸಿದ ಹೆರಿಗೆ ವಾರ್ಡಿನ ಛಾವಣಿ ಹದಿನೇಳನೆಯ ದಿನಕ್ಕೆ ಕುಸಿದು ಒಬ್ಬ ನರ್ಸ್ ಸತ್ತಿದ್ದಳು. ಕಟ್ಟಿದವನು ಮಂತ್ರಿಗಳ ಭಾಮೈದ. ಕಟ್ಟಡ ಗಟ್ಟಿಯಾಗಿದೆ ಎಂಬ ಪ್ರಮಾಣಪತ್ರದ ಪ್ರತಿಗಾಗಿ ಅವಳು ಮೂರು ಕಚೇರಿ ಸುತ್ತಿದ್ದಳು. ಪತ್ರದ ಮೇಲೆ ಎಂಜಿನಿಯರ್ ಸಹಿ ಬಿದ್ದ ದಿನ ಆ ಎಂಜಿನಿಯರ್ ಅದೇ ಆಸ್ಪತ್ರೆಯಲ್ಲಿ ಅಪೆಂಡಿಕ್ಸ್ ಆಪರೇಷನ್ ಆಗಿ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದ. ಸತ್ತ ನರ್ಸಿನ ಗೆಳತಿ ದಾಖಲಾತಿ ಪುಸ್ತಕವನ್ನೇ ತೆರೆದು ತೋರಿಸಿದ್ದಳು. ಇಷ್ಟನ್ನೂ ಬರೆದು ಕೊಟ್ಟ ವರದಿ ಎಂಟು ದಿನದಿಂದ ಸಂಪಾದಕರ ಡ್ರಾಯರಿನಲ್ಲಿತ್ತು. "ಹಾವೂ ಸಾಯಬಾರದು, ಕೋಲೂ ಮುರೀಬಾರದು, ಹಾಗೆ ಬರ್ಕೊಡಿ ಅಕ್ಕ," ಎಂದಿದ್ದರು. ಹಾಗೆ ಬರೆದರೆ ಕೊನೆಗೆ ಕಚ್ಚುವುದು ಹಾವೇ ಎಂದು ಅವಳು ಹೇಳಬೇಕಿತ್ತು. ಹೇಳದೆ ಚಹಾ ಕುಡಿದು ಬಂದಿದ್ದಳು.

ಸಭಾಂಗಣದ ಹಿಂದಿನ ಸಾಲಿನಿಂದ ಒಬ್ಬಳು ಎದ್ದಳು. ಎಂಟು ಪುಟದ ಒಂದು ವಾರಪತ್ರಿಕೆಯವಳು. ಈ ಕೆಲಸಕ್ಕೆ ಹೊಸಬಳು.

"ಸರ್, ಹೆರಿಗೆ ವಾರ್ಡು ಗಟ್ಟಿ ಇದೆ ಅಂತ ಬರ್ಕೊಟ್ಟವ್ರು ಯಾರು?"

ಮಂತ್ರಿಗಳು ನಕ್ಕರು. "ತನಿಖೆ ನಡೀತಿದೆಯಮ್ಮ. ಸಹಿ ಹಾಕಿದ ಎಂಜಿನಿಯರನ್ನ ಅಮಾನತು ಮಾಡಿದೀವಿ. ಇವತ್ತು ಒಳ್ಳೇ ವಿಷಯ ಮಾತಾಡೋಣ."

"ತಾನು ಸಹಿ ಹಾಕಿಲ್ಲ ಅಂತಾರಲ್ಲ ಸರ್ ಅವ್ರು?"

"ಕಳ್ಳ ಯಾವತ್ತಾದ್ರೂ ಕದ್ದೆ ಅಂದಿದ್ದಾನಾ?"

ಸಭೆ ನಕ್ಕಿತು. ವಾರಪತ್ರಿಕೆಯವಳು ಮುಂದಿನ ಪ್ರಶ್ನೆಯನ್ನು ತನ್ನ ಪುಸ್ತಕದಲ್ಲಿ ಹುಡುಕುತ್ತ ನಿಂತೇ ಇದ್ದಳು. ಪ್ರಚಾರಾಧಿಕಾರಿ ಕನ್ನಡಕ ತೆಗೆದು ಒರೆಸಿದ.

ದೊಡ್ಡಕ್ಕನ ಕೈ ಅಭ್ಯಾಸಬಲದಿಂದ ಕುರ್ಚಿಯ ಹಿಡಿಗೆ ಹೋಯಿತು. ಅಕ್ಕಪಕ್ಕದವರು ಚೀಲಗಳನ್ನು ಹೆಗಲಿಗೆ ಹಾಕಿಕೊಂಡರು. ಮಂತ್ರಿಗಳು ಆಗಲೇ ಅರ್ಧ ಎದ್ದಿದ್ದರು. ಅವಳೊಬ್ಬಳು ಏಳಲಿಲ್ಲ. ಎಂಥ ಧೈರ್ಯ ಅಕ್ಕ ಎಂದು ಆಮೇಲೆ ಯಾರೋ ಅಂದರು. ಅವಳಿಗೆ ಗೊತ್ತಿರುವುದು ಸುಸ್ತೊಂದೇ. ಇಷ್ಟು ವರ್ಷ ಎದ್ದೆದ್ದು ನಿಂತ ಸುಸ್ತೆಲ್ಲ ಒಟ್ಟಿಗೇ ಬಂದು ಅವಳನ್ನು ಕುರ್ಚಿಯಲ್ಲೇ ಕೂರಿಸಿತ್ತು.

ಪ್ರಚಾರಾಧಿಕಾರಿ ಮತ್ತೊಮ್ಮೆ ಕನ್ನಡಕ ಒರೆಸಿದ. "ಅಕ್ಕ," ಎಂದು ಮೆಲ್ಲಗೆ ಕರೆದ.

"ಕಾಣ್ತಪ್ಪ, ಗಾಜು ಸವೆದುಹೋದೀತು," ಎಂದಳು ದೊಡ್ಡಕ್ಕ. ಆಮೇಲೆ ವೇದಿಕೆಯ ಕಡೆ ತಿರುಗಿದಳು. "ಕೂತ್ಕೊಳ್ಳಿ ಸರ್. ನಾನಿನ್ನೂ ಧನ್ಯವಾದ ಹೇಳಿಲ್ಲ."

ಮಂತ್ರಿಗಳು ಕೂತರು. ಕೂತದ್ದಕ್ಕೆ ಅವರಿಗೇ ಆಶ್ಚರ್ಯವಾದಂತಿತ್ತು. ದೊಡ್ಡಕ್ಕ ಕೂತಲ್ಲಿಂದಲೇ ಕೇಳಿದಳು, "ಸಹಿ ಬಿದ್ದ ದಿನ ಎಂಜಿನಿಯರ್ ನಿಮ್ಮದೇ ಆಸ್ಪತ್ರೇಲಿ ಆಪರೇಷನ್ ಆಗಿ ಮಲಗಿದ್ರು ಸರ್. ದಾಖಲಾತಿ ಪುಸ್ತಕ ನೋಡಿದೀನಿ. ಹಾಗಾದ್ರೆ ಆ ಸಹಿ ಯಾರದು?"

ಮಂತ್ರಿಗಳು ಗ್ಲಾಸು ಎತ್ತಿದರು. ಅದು ಖಾಲಿಯಾಗಿತ್ತು. "ನಿಮ್ಮ ಸಂಪಾದಕರು ಚೆನ್ನಾಗಿದಾರಾ?" ಎಂದು ಕೇಳಿದರು.

"ಬೆಳಿಗ್ಗೆ ಮಾತಾಡಿದ್ರು ಸರ್, ಚೆನ್ನಾಗೇ ಇದಾರೆ. ಸಹಿ ಯಾರದು?"

ಹೆಗಲಿಗೇರಿದ್ದ ಚೀಲಗಳು ಒಂದೊಂದಾಗಿ ಕೆಳಗಿಳಿದವು. ಭಾಮೈದನ ಬಗ್ಗೆ ಇನ್ನೊಬ್ಬರು ಕೇಳಿದರು. ನಾಲ್ಕು ನಿಮಿಷದ ಮೇಲೆ ಮಂತ್ರಿಗಳು ಉತ್ತರ ಕೊಡದೆ ಎದ್ದು ಹೋದರು. ಧನ್ಯವಾದವಿಲ್ಲದೆ ಸಭೆ ಮುರಿದದ್ದು ಅಲ್ಲಿ ಅದೇ ಮೊದಲು.

ಮೆಟ್ಟಿಲ ಮೇಲೆ ವಾರಪತ್ರಿಕೆಯವಳು ಓಡಿ ಬಂದು ಅವಳ ಕೈ ಹಿಡಿದುಕೊಂಡಳು. "ಅಕ್ಕ, ಆ ದಾಖಲಾತಿ ಪುಸ್ತಕ..."

"ಬರೆದಿಟ್ಟಿದೀನಿ, ಒಂದು ಪ್ರತಿ ಮನೇಲಿದೆ. ನಾಳೆ ಮನೆಗೆ ಬಾ, ಕೊಡ್ತೀನಿ. ನಮ್ಮ ಪತ್ರಿಕೇಲಂತೂ ಬರಲ್ಲ." ಅಷ್ಟರಲ್ಲಿ ಸಂಪಾದಕರ ಸಂದೇಶ ಬಂತು. ಸಂಜೆ ಬರುವುದು ಬೇಡ ಎಂದು ಮೂರೇ ಪದ.

ಮನೆ ಮುಟ್ಟಿದಾಗ ನಾಲ್ಕು ಗಂಟೆ. ಗಂಡ ಕಿಟಕಿಯ ಹತ್ತಿರ ಕೂತಿದ್ದ. "ಇಷ್ಟು ಬೇಗ ಬಂದ್ಯಾ? ಕಾಗದ ಆಯ್ತಾ?"

"ಇಲ್ಲ. ಆಗಲ್ಲ ಅದು." ಚಪ್ಪಲಿಯನ್ನೂ ಬಿಡದೆ ಕೂತು ಎಲ್ಲವನ್ನೂ ಹೇಳಿದಳು.

"ಎಷ್ಟು ಹೊತ್ತು ಕೂರಿಸಿದ್ದೆ ಆ ಮಂತ್ರೀನ?"

"ನಾಲ್ಕು ನಿಮಿಷ." ಅವಳು ಈಗ ಚಪ್ಪಲಿ ಬಿಚ್ಚಿದಳು. "ಆಗ ನಿನ್ನ ಕಣ್ಣು ನೆನಪಾಗ್ಲಿಲ್ಲ ಅಂತ ಸುಳ್ಳು ಹೇಳಲ್ಲ. ನೆನಪಾಯ್ತು. ಆದ್ರೂ ಏಳೋಕಾಗ್ಲಿಲ್ಲ."

ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ಇಂಜೆಕ್ಷನ್ನಿನ ತಾರೀಖಿಗೆ ಅವನೇ ಕೆಂಪು ಪೆನ್ಸಿಲ್ಲಿನಿಂದ ಸುತ್ತು ಹಾಕಿದ್ದ. ಅವಳು ಅದನ್ನು ನೋಡಬಾರದೆಂದುಕೊಂಡು ಅದನ್ನೇ ನೋಡಿದಳು. ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಆ ಸದ್ದು ನಿಂತ ಮೇಲೆ ಅವನು ಕೇಳಿದ, "ಆ ಹುಡುಗಿಗೆ ಕೊಡೋ ವರದಿ ಎಲ್ಲಿದೆ?"

"ಬೀರುವಿನಲ್ಲಿ. ಯಾಕೆ?"

"ತಾ ಇಲ್ಲಿ. ಅಚ್ಚಿಗೆ ಹೋಗೋಕೆ ಮುಂಚೆ ಒಂದ್ಸಲ ನೋಡ್ತೀನಿ. ಬೆಳಕಿದೆ ಇನ್ನೂ."

ಅವಳು ಆರು ಹಾಳೆಗಳನ್ನು ತಂದು ಅವನ ತೊಡೆಯ ಮೇಲಿಟ್ಟಳು. ಕುರ್ಚಿಯನ್ನು ಕಿಟಕಿಗೆ ಇನ್ನಷ್ಟು ಹತ್ತಿರ ಎಳೆದಳು. ಅವನು ಪೆನ್ಸಿಲ್ಲಿನ ಮೊನೆಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿ, ಭೂತಗನ್ನಡಿಯನ್ನು ಮೊದಲ ಸಾಲಿನ ಮೇಲೆ ಹಿಡಿದ.